ಕಚ್ಚು

ಹಗಲಿಡೀ ನಾನು ಹಲ್ಲು ಮಾಡುವವ.
ಕಂಕನಾಡಿಯಲ್ಲಿ ಮಹಡಿ ಮೇಲೊಂದು ಕೋಣೆ,
ಮೇಣ, ಅಕ್ರಿಲಿಕ್, ಬೆರಳುದ್ದದ ಉರಿ,
ಯಾರದೋ ಬಾಯಿಯ ಅಚ್ಚು ಕೈಯಲ್ಲಿ.
ಸಂಜೆ ಕುಲಶೇಖರದ ಮನೆಯ ಶೆಡ್ಡಿನಲ್ಲಿ
ಟೇಬಲ್ ಗರಗಸದ ಮುಂದೆ ನಿಂತರೆ
ಅಲ್ಲಿಯೂ ಹಲ್ಲಿನದೇ ಮಾತು.

ಅಚ್ಚುಗಳನ್ನು ಎಸೆಯಲಾರದ ಚಾಳಿ ನನ್ನದು.
ಪ್ಲಾಸ್ಟರಿನ ಇನ್ನೂರ ಹನ್ನೆರಡು ದವಡೆಗಳು
ಬಿಸ್ಕತ್ತಿನ ರಟ್ಟಿನ ಪೆಟ್ಟಿಗೆಗಳಲ್ಲಿ, ಮಂಚದಡಿಯಲ್ಲಿ.
"ಒಂದೋ ಇವಕ್ಕೆ ಕಪಾಟು ಮಾಡಿ,
ಇಲ್ಲ ನನಗೆ ಬೇರೆ ಮನೆ ಮಾಡಿ" ಎಂದಳು ಜಲಜಾಕ್ಷಿ.

ಕಪಾಟೆಂದರೆ ಹಲಗೆ, ಹಲಗೆಗೆ ತೋಡು.
ನಮ್ಮ ಕಡೆ ತೋಡೆಂದರೆ ನೀರು ಹೋಗುವ ದಾರಿ;
ಇದು ಹಾಗಲ್ಲ, ಬಂದದ್ದು ಹೋಗಬಾರದು.
ಒಂದೇ ಅಲಗಿನಲ್ಲಿ ಏಳೆಂಟು ಸಲ ಸವರಿ ಸವರಿ
ಅಗಲಿಸುವಷ್ಟು ತಾಳ್ಮೆ ಇದ್ದಿದ್ದರೆ
ಈ ಕತೆಯೇ ಇರುತ್ತಿರಲಿಲ್ಲ.
ಡ್ಯಾಡೋ ಸೆಟ್ ಬೇಕು.

ಬಂದರಿನ ಅಂಗಡಿಯಲ್ಲಿ ಇದಿನಬ್ಬರ ಮಗ ತೌಸೀಫ್
ಪೆಟ್ಟಿಗೆ ಬಿಚ್ಚಿದ, ಬಂಗಾರದಂಗಡಿಯವನ ಹಾಗೆ.
ಆಚೀಚೆ ಎರಡು ಅಲಗು,
ನಡುವೆ ಚಿಪ್ಪರುಗಳು: ಎರಡೆರಡೇ ಹಲ್ಲು,
ನಗುವ ಮುದುಕರಂತೆ.
ಸಂದು ತುಂಬಲು ತಗಡಿನ ತೆಳು ಬಿಲ್ಲೆಗಳು.

"ಎಂಟಿಂಚಿಂದೇ ತಕ್ಕೊಳ್ಳಿ ಡಾಕ್ಟ್ರೇ,
ಮಕ್ಕಳ ಕಾಲಕ್ಕೂ ಉಂಟು."
ಡಾಕ್ಟರಲ್ಲ ಮಾರಾಯ,
ಅವರು ಕೀಳುವವರು, ನಾನು ಮಾಡಿಡುವವ.
ಕಾರ್ಬೈಡಿನ ತುದಿ ಉಗುರಲ್ಲಿ ತಟ್ಟಿದೆ,
ಬೆಸುಗೆಯ ಗೆರೆಯನ್ನು ಕನ್ನಡಕ ಎತ್ತಿ ನೋಡಿದೆ.
ಒಳ್ಳೆಯ ಹಲ್ಲು. ಹೊಟ್ಟೆಕಿಚ್ಚಾಗುವಷ್ಟು.

ಅಗ್ಗದ್ದು ಇನ್ನೊಂದಿತ್ತು, ಒಂಟಿ ಅಲಗು,
ಓರೆ ಕೂತು ಓಲಾಡುತ್ತ ತಿರುಗುವಂಥದು.
ತೋಡಿನ ತಳ ತುಸು ದೋಣಿಯಂತಾಗುತ್ತದಂತೆ.
ಅಲ್ಲಾಡುವ ಹಲ್ಲಿಗೆ ದುಡ್ಡು ಕೊಡುವುದೆ?

ಬರಿಗೈಯಲ್ಲಿ ಬಂದೆ. ರಾತ್ರಿ
ಪ್ಲಗ್ಗು ಕಿತ್ತು, ಅಲಗು ಬಿಚ್ಚಿ,
ಕೆಲಸದ ಚೀಲದ ವರ್ನಿಯರಿನಲ್ಲಿ
ಸ್ಪಿಂಡಲಿನ ಉದ್ದ ಅಳೆದೆ.
ಎಂಟಿಂಚಿನ ಇಡೀ ಸಂಸಾರ ಏರಿಸಿದರೆ
ನಟ್ಟಿಗೆ ಸಿಗುವುದು ಎರಡೇ ಎಳೆ.
ಎರಡೆಳೆಯ ಭರವಸೆ,
ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು.

ಪಕ್ಕದ ಮನೆಯ ವಾಮನ ಆಚಾರ್ರು
ಎಡಗೈಯನ್ನು ಯಾವಾಗಲೂ ಕಿಸೆಯಲ್ಲೇ ಇಟ್ಟು ಮಾತಾಡುತ್ತಾರೆ.
ಬೇಲಿಯಾಚೆಯಿಂದ ಒಂದೇ ಪ್ರಶ್ನೆ:
"ನಟ್ಟು ಪೂರ್ತಿ ಕೂತ್ಕೊಳ್ತದಾ?"
ಸ್ವಲ್ಪ ತಡೆದು, "ಮರದ ದಪ್ಪದಲ್ಲಿ ಮೂರನೇ ಒಂದು ಸಾಕು.
ಆಸೆಯಾಗ್ತದೆ ಆಳಕ್ಕೆ ಹೋಗ್ಲಿಕ್ಕೆ. ಹೋಗ್ಬೇಡಿ."

ಆರಿಂಚಿನದು ತಂದೆ. ಚಿಪ್ಪರು ಎರಡೇ ಹಾಕುವುದು,
ಅರ್ಧ ಇಂಚು ಒಮ್ಮೆ, ಉಳಿದದ್ದು ಇನ್ನೊಮ್ಮೆ.
"ಸಣ್ಣದಾಯ್ತಲ್ಲ?" ತೌಸೀಫನ ಮುಖವೂ ಸಣ್ಣದು.
ಬಾಯಿ ನೋಡಿ ಹಲ್ಲು, ಎಂದೆ.

ಭಾನುವಾರ. ಹಲಸಿನ ಹಲಗೆ.
ಕೂದಲು, ಮೀಸೆ, ಬನಿಯನ್ನು, ಎಲ್ಲ ಅರಶಿನ.
ಮೊದಲ ತೋಡು ಬಿಗಿ. ಕೂದಲೆಳೆಯಷ್ಟು.
ಎಲ್ಲಿ ಎಂದು ಕಣ್ಣಿಗೆ ಕಾಣದು.
ಕಚ್ಚು ನೋಡುವ ನೀಲಿ ಕಾಗದ ತಂದು
ಸಂದಿಯಲ್ಲಿಟ್ಟು ಹಲಗೆ ಒತ್ತಿದೆ,
ಕಚ್ಚಿ, ಎಂದೆ, ಅಭ್ಯಾಸಬಲ.
ಬಿಡಿ.
ಎಡಮೂಲೆಯಲ್ಲಿ ನೀಲಿ ಚುಕ್ಕೆ.
ಅಷ್ಟನ್ನೇ ಉಜ್ಜಿದೆ.

ಆಮೇಲೆ ಹಲಗೆ ಇಳಿಯಿತು, ಸದ್ದಿಲ್ಲದೆ,
ತನ್ನ ಭಾರಕ್ಕೆ ತಾನೇ.

ಅಂಟು ಒಣಗಿ ಮೂರನೇ ದಿನಕ್ಕೆ
ಮೊದಲು ಇಟ್ಟದ್ದು ಹದಿನಾಲ್ಕನೇ ನಂಬರು.
ಚೀಟಿಯಲ್ಲಿ: ಗುಲಾಬಿ, ದಕ್ಕೆ, ಮೀನು ಏಲಂ.
ಮುಖ ನೋಡಿದವನಲ್ಲ ನಾನು.
ಹಲ್ಲು ಒಯ್ಯಲು ಯಾರೂ ಬಂದಿರಲಿಲ್ಲ.
ಮೇಲಿನ ದವಡೆಯ ಕೆಳಗೆ ಕೆಳಗಿನದು ಕೂರಿಸಿ
ಕಪಾಟು ಒಮ್ಮೆ ಅಲುಗಿಸಿ ನೋಡಿದೆ,
ಗಟ್ಟಿ.
ಏಲಂ ಕೂಗುವವರ ದವಡೆ,
ಬಾಯಿ ಮುಚ್ಚಿ ಕೂತಿತು.